ಸಸ್ಯದಲ್ಲಿ ನೀರು ಮತ್ತು ಆಹಾರ ಸಾಗುವ ಬಗೆ

ಶ್ರೀನಿವಾಸಪುರ ತಾಲ್ಲೂಕಿನ ರೈತರೊಬ್ಬರು ಒಮ್ಮೆ ತಮ್ಮ ಮಾವಿನ ತೋಟಕ್ಕೆ ನನ್ನನ್ನು ಕರೆದೊಯ್ದರು. ಸುಮಾರು ಹನ್ನೆರಡು ವರ್ಷದ ಬಾದಾಮಿ ಮಾವಿನ ಮರವೊಂದು ತುದಿಯಿಂದ ಒಣಗುತ್ತಿತ್ತು. "ನೀರಿಗೂ ಕಡಿಮೆ ಮಾಡಿಲ್ಲ, ಗೊಬ್ಬರಕ್ಕೂ ಕಡಿಮೆ ಮಾಡಿಲ್ಲ ಸಾರ್. ಹೋದ ವರ್ಷ ತೋಟದಲ್ಲೆಲ್ಲ ಇದೇ ಮರ ಹೆಚ್ಚು ಹೂ ಬಿಟ್ಟಿತ್ತು. ಈ ವರ್ಷ ಹೀಗಾಗಿದೆ" ಎಂದು ಅವರು ಹೇಳಿದರು.

ಮರದ ಬುಡವನ್ನು ನೋಡಿದಾಗ ಕಾರಣ ತಿಳಿಯಿತು. ಎರಡು ವರ್ಷದ ಹಿಂದೆ ಬೇಲಿಗೆಂದು ಕಾಂಡದ ಸುತ್ತ ಬಿಗಿದಿದ್ದ ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ತಂತಿಯ ಮೇಲ್ಭಾಗ ಊದಿಕೊಂಡಿತ್ತು, ಕೆಳಭಾಗ ಸಣಕಲಾಗಿತ್ತು. ಬುಡದ ಮಣ್ಣು ಕೆದಕಿದರೆ ಹೀರುಬೇರುಗಳೆಲ್ಲ ಕಪ್ಪಾಗಿ ಸತ್ತಿದ್ದವು. ತಂತಿ ಬಿಗಿದ ಮೇಲೂ ಎಲೆ ಅಷ್ಟು ದಿನ ಹಸಿರಾಗಿದ್ದುದು ಹೇಗೆ? ಸಾಯುವ ಮುನ್ನ ಮರ ಹೆಚ್ಚು ಹೂ ಬಿಟ್ಟಿದ್ದೇಕೆ? ಇದು ತಿಳಿಯಬೇಕಾದರೆ ಸಸ್ಯದೊಳಗಿನ ಎರಡು ದಾರಿಗಳ ಪರಿಚಯವಿರಬೇಕು.

ನೀರಿನ ದಾರಿ

ಬೇರಿನಿಂದ ಎಲೆಯವರೆಗೆ ನೀರು ಏರುವುದು ಕಾಂಡದ ಒಳಗಿನ ಕಟ್ಟಿಗೆಯ ಭಾಗದಲ್ಲಿ. ಇಲ್ಲಿ ಕೂದಲಿನಂಥ ಸಣ್ಣ ಕೊಳವೆಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಇವಕ್ಕೆ ಕ್ಸೈಲಮ್ ಎಂದು ಹೆಸರು. ನಾವು ನೀರ್ನಾಳ ಎನ್ನೋಣ. ಇವು ಜೀವವಿಲ್ಲದ ಕೋಶಗಳಿಂದಾದ ಬರಿಯ ಕೊಳವೆಗಳು.

ಹಾಗಾದರೆ ನೀರನ್ನು ಮೇಲಕ್ಕೆತ್ತುವವರು ಯಾರು? ಬಿಸಿಲು. ಎಲೆಯಲ್ಲಿರುವ ಸೂಕ್ಷ್ಮವಾದ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೊರಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ, ಮೇಲೆ ಒಂದು ಹನಿ ಹೋದಂತೆ ಕೆಳಗಿನ ನೀರು ಎಳೆಯಲ್ಪಡುತ್ತದೆ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಸೂರ್ಯಕಾಂತಿ ಗಿಡ ಎಷ್ಟು ನೀರನ್ನು ಹೊರಬಿಡುತ್ತದೆ ಎಂಬುದನ್ನು ತೂಕ ಮಾಡಿ ನೋಡಿ 1727ರಲ್ಲಿ ಪ್ರಕಟಿಸಿದನು. ನೀರು ಎಳೆಯಲ್ಪಡುವ ಈ ವಿವರಣೆಯನ್ನು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬುವರು ಮುಂದಿಟ್ಟರು. ಬೇರು ಹೀರುವ ನೂರು ಲೀಟರ್ ನೀರಿನಲ್ಲಿ 95 ಲೀಟರಿಗೂ ಹೆಚ್ಚು ಹೀಗೆ ಆವಿಯಾಗಿ ಹೋಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಬಿಳಿ ಸುಗಂಧರಾಜದ ಹೂಕಡ್ಡಿಯನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿಡಿ. ಕೆಲವು ಗಂಟೆಗಳಲ್ಲಿ ಹೂದಳಕ್ಕೆ ಬಣ್ಣ ಏರುತ್ತದೆ.

ನೀರ್ನಾಳ ನಿರ್ಜೀವವಾದರೂ ಅದಕ್ಕೆ ನೀರು ಒದಗಿಸುವ ಬೇರು ಜೀವಂತವಾದುದು, ಅದು ಉಸಿರಾಡಬೇಕು. ಹೊಲದಲ್ಲಿ ನೀರು ನಿಂತರೆ ಮಣ್ಣಿನಲ್ಲಿ ಗಾಳಿ ಇಲ್ಲದಂತಾಗಿ ಬೇರು ನೀರನ್ನು ಒಳಬಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಜಡಿಮಳೆಯಾದ ಮೇಲೆ ಬಿಸಿಲು ಬಿದ್ದೊಡನೆ ತೊಗರಿ, ಟೊಮೆಟೊ, ಮೆಣಸಿನ ಗಿಡಗಳು ನೀರಿನಲ್ಲೇ ನಿಂತು ಬಾಡುತ್ತವೆ. ಬಾಡಿತೆಂದು ಮತ್ತೆ ನೀರು ಹಾಯಿಸಿದರೆ ಬೆಳೆ ಕೈತಪ್ಪುತ್ತದೆ. ಮೊದಲು ಬಸಿಗಾಲುವೆ ತೆಗೆದು ನೀರು ಹೊರಗೆ ಹಾಕಬೇಕು. ಭತ್ತಕ್ಕೆ ಈ ತೊಂದರೆ ಇಲ್ಲ. ಅದರ ಕಾಂಡದಿಂದ ಬೇರಿಗೆ ಗಾಳಿ ಒಯ್ಯುವ ಪೊಳ್ಳು ದಾರಿಗಳಿವೆ.

ಪೋಷಕಾಂಶಗಳ ಪ್ರಯಾಣ

ಮಣ್ಣಿನಲ್ಲಿ ಕರಗಿದ ಪೋಷಕಾಂಶಗಳು ಬೇರಿನ ಮೂಲಕ ಒಳಸೇರಿ ನೀರಿನೊಡನೆಯೇ ಮೇಲೇರುತ್ತವೆ. ಆದರೆ ಎಲೆ ಸೇರಿದ ಮೇಲೆ ಎಲ್ಲವೂ ಒಂದೇ ರೀತಿ ವರ್ತಿಸುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಕೊರತೆ ಬಂದಾಗ ಹಳೆಯ ಎಲೆಯನ್ನು ಬಿಟ್ಟು ಎಳೆಯ ಎಲೆಗೆ ಹೋಗುತ್ತವೆ. ಆದ್ದರಿಂದ ಇವುಗಳ ಕೊರತೆ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಸುಣ್ಣದ ಅಂಶ ಮತ್ತು ಕಬ್ಬಿಣ ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಕದಲುವುದು ಬಹಳ ಕಡಿಮೆ. ಇವುಗಳ ಕೊರತೆ ಕಾಣುವುದು ತುದಿಯ ಎಳೆಯ ಎಲೆಗಳಲ್ಲಿ. ಎಲೆ ಹಳದಿಯಾಯಿತೆಂದು ಯೂರಿಯಾ ಚೀಲ ಬಿಚ್ಚುವ ಮೊದಲು, ಹಳದಿಯಾದುದು ಮೇಲಿನ ಎಲೆಯೋ ಕೆಳಗಿನ ಎಲೆಯೋ ಎಂದು ನೋಡುವುದು ಒಳ್ಳೆಯದು.

ಸುಣ್ಣದ ಅಂಶ ನೀರಿನ ಸೆಳೆತವನ್ನೇ ನಂಬಿ ಸಾಗುತ್ತದೆ. ಎಲೆಯಿಂದ ಆವಿ ಹೆಚ್ಚು ಹೋಗುವುದರಿಂದ ಸುಣ್ಣವೂ ಅಲ್ಲಿಗೇ ಹೆಚ್ಚು ಹೋಗುತ್ತದೆ; ಕಾಯಿಗೆ ಪಾಲು ಕಡಿಮೆ. ಟೊಮೆಟೊಗೆ ಒಮ್ಮೆ ಒಣಗಿಸಿ, ಒಮ್ಮೆ ತುಂಬಾ ನೀರು ಕೊಟ್ಟರೆ ಕಾಯಿಯ ತುದಿ ಕಪ್ಪಾಗಿ ಕೊಳೆತಂತಾಗುವುದು ಇದೇ ಕಾರಣಕ್ಕೆ. ಇದು ರೋಗಾಣುವಿನಿಂದ ಬರುವುದಲ್ಲ. ಔಷಧಿ ಹೊಡೆದು ಫಲವಿಲ್ಲ, ನೀರು ಹದವಾಗಿ ಒದಗಬೇಕು.

ಚಳ್ಳಕೆರೆ, ಪಾವಗಡದ ಕಡೆಯ ಶೇಂಗಾ ಬೆಳೆಗಾರರು ಇನ್ನೊಂದು ವಿಷಯ ಗಮನಿಸಬೇಕು. ಶೇಂಗಾ ಕಾಯಿ ಮಣ್ಣಿನೊಳಗೆ ಇರುವುದರಿಂದ ಅದರಿಂದ ಆವಿ ಹೋಗುವುದಿಲ್ಲ. ಬೇರು ಹೀರಿದ ಸುಣ್ಣ ಎಲೆಗೆ ಹೋಗುವುದೇ ಹೊರತು ಕಾಯಿಗೆ ಇಳಿಯುವುದಿಲ್ಲ. ಕಾಯಿಯೇ ತನ್ನ ಸುತ್ತಲಿನ ಮಣ್ಣಿನಿಂದ ಸುಣ್ಣವನ್ನು ನೇರವಾಗಿ ಹೀರಬೇಕು. ಎಕರೆಗೆ 200 ಕಿಲೋ ಜಿಪ್ಸಂ ಅನ್ನು ಹೂ ಬಿಡುವ ಸಮಯದಲ್ಲಿ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸಬೇಕೆಂದು ಹೇಳುವುದು ಇದಕ್ಕಾಗಿ. ದೂರದ ಸಾಲಿನ ನಡುವೆ ಚೆಲ್ಲಿದರೆ ಕಾಯಿಗೆ ಸಿಗುವುದಿಲ್ಲ, ಜೊಳ್ಳು ಹೆಚ್ಚುತ್ತದೆ.

ಸಕ್ಕರೆಯ ದಾರಿ

ಎಲೆಯಲ್ಲಿ ತಯಾರಾದ ಸಕ್ಕರೆ ಸಾಗುವುದು ತೊಗಟೆಯ ಒಳಪದರದಲ್ಲಿರುವ ಆಹಾರನಾಳಗಳಲ್ಲಿ. ಇವಕ್ಕೆ ಫ್ಲೋಯಮ್ ಎಂದು ಹೆಸರು. ನೀರ್ನಾಳದಂತೆ ಇವು ಸತ್ತ ಕೊಳವೆಗಳಲ್ಲ, ಜೀವವಿರುವ ಕೋಶಗಳು. ಎಲೆಯ ಕಡೆ ನಾಳಕ್ಕೆ ಸಕ್ಕರೆ ತುಂಬಿದಾಗ ಪಕ್ಕದ ನೀರ್ನಾಳದಿಂದ ನೀರು ನುಗ್ಗಿ ಒತ್ತಡ ಹೆಚ್ಚುತ್ತದೆ. ಬೇರು, ಕಾಳು, ಗೆಡ್ಡೆಗಳ ಕಡೆ ಸಕ್ಕರೆ ಖರ್ಚಾಗಿ ಒತ್ತಡ ಕಡಿಮೆ ಇರುತ್ತದೆ. ಈ ವ್ಯತ್ಯಾಸದಿಂದ ಪಾಕ ಹರಿಯುತ್ತದೆ ಎಂಬುದನ್ನು ಜರ್ಮನಿಯ ಮುಂಕ್ ಎಂಬ ವಿಜ್ಞಾನಿ 1930ರಲ್ಲಿ ವಿವರಿಸಿದನು. ಹರಿವಿನ ವೇಗ ಸಾಮಾನ್ಯವಾಗಿ ಗಂಟೆಗೆ ಅರ್ಧದಿಂದ ಒಂದು ಮೀಟರ್. ತೆಂಗಿನ ಹೊಂಬಾಳೆಯ ತುದಿ ಕೊಯ್ದಾಗ ತೊಟ್ಟಿಕ್ಕುವ ನೀರಾ ಇದೇ ಪಾಕ; ಕಾಯಿಗೆ ಹೋಗಬೇಕಾದ ಸಕ್ಕರೆ ಮಡಕೆಗೆ ಬೀಳುತ್ತದೆ.

ನೀರು ಮೇಲಕ್ಕೆ ಮಾತ್ರ ಏರುತ್ತದೆ. ಸಕ್ಕರೆಯಾದರೋ ಎಲ್ಲಿ ಬೇಡಿಕೆ ಇದೆಯೋ ಅಲ್ಲಿಗೆ, ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಮುಸುಕಿನ ಜೋಳದಲ್ಲಿ ಕಾಳು ಹಾಲು ತುಂಬುವಾಗ ತೆನೆಯ ಹತ್ತಿರದ ಮತ್ತು ಮೇಲಿನ ಎಲೆಗಳು ತೆನೆಗೆ ಆಹಾರ ಕಳಿಸುತ್ತವೆ. ದನಕ್ಕೆ ಮೇವು ಸಾಲದೆಂದು ಆಗಲೇ ಹಸಿ ಎಲೆ ಕಿತ್ತರೆ ಕಾಳು ಸುಕ್ಕಾಗುತ್ತದೆ. ಕಾಳನ್ನು ಬಿಡಿಸಿ ಬುಡ ಕೆರೆದು ನೋಡಿ. ಅಲ್ಲಿ ಕಪ್ಪು ಪದರ ಮೂಡಿದ್ದರೆ ಆಹಾರದ ದಾರಿ ಮುಚ್ಚಿದೆ ಎಂದು ಅರ್ಥ. ಆಮೇಲೆ ಎಲೆ ತೆಗೆದರೆ ಇಳುವರಿಗೆ ನಷ್ಟವಿಲ್ಲ.

ತಂತಿ ಬಿಗಿದ ಮರ

ಈಗ ಮಾವಿನ ಮರಕ್ಕೆ ಬರೋಣ. ತಂತಿ ಕತ್ತರಿಸಿದ್ದು ತೊಗಟೆಯನ್ನು, ಅಂದರೆ ಸಕ್ಕರೆಯ ದಾರಿಯನ್ನು. ಒಳಗಿನ ಕಟ್ಟಿಗೆಯಲ್ಲಿ ನೀರು ಏರುತ್ತಲೇ ಇದ್ದುದರಿಂದ ಎಲೆ ಹಸಿರಾಗಿತ್ತು. ಕೆಳಗಿಳಿಯಲಾರದ ಸಕ್ಕರೆ ಮೇಲೆಯೇ ನಿಂತು ಕಾಂಡ ಊದಿತು, ಹೂವೂ ಹೆಚ್ಚಾಯಿತು. ಬೇರು ಮಾತ್ರ ಉಪವಾಸ ಬಿದ್ದು, ಕೂಡಿಟ್ಟ ಆಹಾರ ಮುಗಿದ ಮೇಲೆ ಸತ್ತಿತು. ಬೇರು ಸತ್ತ ಮೇಲೆ ನೀರೂ ನಿಂತಿತು. ಸತ್ತ ಬೇರಿಗೆ ಸುರಿದ ನೀರು, ಗೊಬ್ಬರ ಎರಡೂ ವ್ಯರ್ಥ. ಕಾಂಡದ ಸುತ್ತ ತೊಗಟೆಯ ಉಂಗುರ ತೆಗೆದರೆ ಅದರ ಮೇಲ್ಭಾಗ ಊದುತ್ತದೆ ಎಂಬುದನ್ನು ಇಟಲಿಯ ಮಾಲ್ಪಿಗಿ 17ನೇ ಶತಮಾನದಲ್ಲೇ ತೋರಿಸಿದ್ದನು.

ತೆಂಗಿನ ಮರಕ್ಕೆ ಹತ್ತಲು ಕಚ್ಚು ಹೊಡೆದರೂ ಅದು ಸಾಯುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ತೆಂಗು, ಅಡಿಕೆಗಳಲ್ಲಿ ಎರಡು ಬಗೆಯ ನಾಳಗಳೂ ಕಟ್ಟುಕಟ್ಟಾಗಿ ಕಾಂಡದ ತುಂಬ ಹರಡಿರುತ್ತವೆ. ಹೊರಗಿನ ಗಾಯದಿಂದ ಎಲ್ಲ ದಾರಿಯೂ ಮುಚ್ಚುವುದಿಲ್ಲ. ಆದರೆ ಆ ಗಾಯ ಎಂದಿಗೂ ಕೂಡಿಕೊಳ್ಳದು, ಕೆಂಪು ಮೂತಿ ಹುಳುವಿಗೆ ಬಾಗಿಲಾಗುತ್ತದೆ. ಆದ್ದರಿಂದ ಕಚ್ಚು ಹೊಡೆಯದಿರುವುದೇ ಲೇಸು.

ತೋಟದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಮರಕ್ಕೆ ಬೇಲಿ ತಂತಿ ಸುತ್ತಬೇಡಿ. ದನ ಕಟ್ಟಲು ಗೂಟ ನೆಡಿ. ಹಗ್ಗ ಉಜ್ಜಿದರೂ ತೊಗಟೆ ಸವೆಯುತ್ತದೆ.

2. ಕಸಿ ಗಿಡ ಕೂಡಿಕೊಂಡ ಮೇಲೆ ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ತಪ್ಪದೆ ಬಿಚ್ಚಿರಿ. ಆಸರೆ ಕೋಲಿಗೆ ಕಟ್ಟುವ ದಾರ ಸಡಿಲವಾಗಿರಲಿ.

3. ಬುಡದಲ್ಲಿ ಕಸಕ್ಕೆ ಬೆಂಕಿ ಹಾಕಬೇಡಿ. ಕಳೆ ಕತ್ತರಿಸುವ ಯಂತ್ರ ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ.

4. ತೊಗಟೆ ಸುತ್ತಲೂ ಹಾಳಾಗಿದ್ದರೂ ಬೇರು ಜೀವದಿಂದಿದ್ದರೆ, ಗಾಯದ ಮೇಲಕ್ಕೂ ಕೆಳಕ್ಕೂ ಕಡ್ಡಿ ಜೋಡಿಸುವ ಸೇತುವೆ ಕಸಿಯಿಂದ ಮರ ಉಳಿಸಬಹುದು. ತಡಮಾಡದೆ ತೋಟಗಾರಿಕೆ ತಜ್ಞರನ್ನು ಕಾಣಿರಿ.

ಆ ರೈತರ ಮರ ಉಳಿಯಲಿಲ್ಲ. ಅದೇ ಬೇಲಿಯ ಇನ್ನೆರಡು ಮರಗಳಿಗೆ ತಂತಿ ಕಟ್ಟಿ ಕೆಲವೇ ತಿಂಗಳಾಗಿತ್ತು. ತೊಗಟೆ ಇನ್ನೂ ಕಡಿದಿರಲಿಲ್ಲ. ಅಂದೇ ಅವರು ಇಕ್ಕುಳ ತಂದು ತಂತಿ ಕತ್ತರಿಸಿದರು. ಅವೆರಡೂ ಈಗ ಫಲ ಕೊಡುತ್ತಿವೆ. ಬೆಳೆ ಬಾಡಿದಾಗ, ಎಲೆ ಹಳದಿಯಾದಾಗ ನೀರು, ಗೊಬ್ಬರಕ್ಕೆ ಹಣ ಹಾಕುವ ಮೊದಲು ಯಾವ ದಾರಿ ಕಟ್ಟಿದೆ ಎಂದು ರೈತ ಬಾಂಧವರು ಬುಡದಿಂದ ತುದಿಯವರೆಗೆ ಒಮ್ಮೆ ಪರೀಕ್ಷಿಸಬೇಕು.