ಸೋಲಾರ್‌ಗೆ ಲಿಥಿಯಂ ಬ್ಯಾಟರಿ: ಬದಲಿಸುವ ಮುನ್ನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಸೋಲಾರ್‌ನ ಸೀಸ-ಆಮ್ಲ ಬ್ಯಾಟರಿ ಕೈಕೊಟ್ಟಾಗ ಲಿಥಿಯಂ ಹಾಕಿಸುವುದು ಒಳ್ಳೆಯದೇ. ಆದರೆ ಮೊದಲು ಚಾರ್ಜ್ ಕಂಟ್ರೋಲರ್ ಮತ್ತು ಇನ್ವರ್ಟರ್ ಎರಡೂ ಲಿಥಿಯಂಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಬೇಕು.

ಸೀಸ-ಆಮ್ಲ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರ ಅರ್ಧದಷ್ಟು ವಿದ್ಯುತ್ತನ್ನಷ್ಟೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸಬಹುದು. ಹೀಗಾಗಿ 150 ಎಎಚ್‌ನ ಹಳೆಯ ಬ್ಯಾಟರಿಯ ಜಾಗದಲ್ಲಿ 100 ಎಎಚ್‌ನ ಲಿಥಿಯಂ ಸಾಕಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ.

12.8 ವೋಲ್ಟ್ ಲಿಥಿಯಂ ಬ್ಯಾಟರಿಗೆ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 14.2ರಿಂದ 14.6 ವೋಲ್ಟ್, ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಕಂಟ್ರೋಲರಿನ ‘ಈಕ್ವಲೈಸೇಶನ್’ (ಸೀಸ-ಆಮ್ಲ ಬ್ಯಾಟರಿಗೆಂದು ಇರುವ ಹೆಚ್ಚು ವೋಲ್ಟೇಜಿನ ಚಾರ್ಜಿಂಗ್) ಬಂದ್ ಮಾಡಿಸಬೇಕು. ಅದು ವೋಲ್ಟೇಜನ್ನು 15ರ ಮೇಲೆ ಒಯ್ದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ. ಹಳೆಯ ಬ್ಯಾಟರಿಯ ಜೊತೆ ಹೊಸ ಲಿಥಿಯಂ ಜೋಡಿಸಲೇಬಾರದು. ಬ್ಯಾಟರಿಯ ಪಾಸಿಟಿವ್ ತುದಿಗೆ ಹತ್ತಿರವೇ ಡಿಸಿ ಫ್ಯೂಸ್ ಇರಲಿ.

ಬಿಸಿಲು ಲಿಥಿಯಂನ ಆಯುಷ್ಯ ತಿನ್ನುತ್ತದೆ. ಬೇಸಿಗೆಯಲ್ಲಿ ಕಾದ ತಗಡಿನ ಶೆಡ್ಡಿಗಿಂತ ಗಾಳಿಯಾಡುವ, ನೆರಳಿನ ಒಳಗೋಡೆಯೇ ಲೇಸು.

ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ, ಅಂಗಡಿಯವರಿಗೇ ಮರಳಿಸಿ ಬೆಲೆ ಕಡಿತ ಪಡೆಯಬಹುದು. ಸೀಸ ಮಣ್ಣಿಗೂ ಬಾವಿ ನೀರಿಗೂ ವಿಷ.