ಎಚ್ಚರವಾದ ತಕ್ಷಣ ಸ್ಟಿಯರಿಂಗ್ ಹಿಡಿಯಬೇಡಿ: ಪೈಲಟ್‌ಗಳ ನಿದ್ದೆಯಿಂದ ಒಂದು ಪಾಠ



ಕೊಂಡಾಪುರದ ನಮ್ಮ ಕನ್ನಡ ಕುಟುಂಬಗಳಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ. ಶುಕ್ರವಾರ ಕೆಲಸ ಮುಗಿಸಿ ರಾತ್ರಿಯೇ ಕಾರಿನಲ್ಲಿ ಬೀದರ್, ಕಲಬುರಗಿ, ಬೆಂಗಳೂರಿನ ಕಡೆ ಹೊರಡುವವರೂ ಇದ್ದಾರೆ. ಈ ಮಾಹಿತಿ ಮುಖ್ಯವಾಗಿ ಅವರಿಗೆ.

*ಹಾರಾಟದಲ್ಲಿ ಪೈಲಟ್ ದೇಹಕ್ಕೆ ಏನಾಗುತ್ತದೆ?*

ವಿಮಾನ 35,000 ಅಡಿ ಮೇಲಿದ್ದಾಗ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಂಟೆಗಟ್ಟಲೆ ಕೂತ ಹಾಗೆ. ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಇಳಿಯುತ್ತದೆ. ಒಣ ಗಾಳಿಗೆ ಬಾಯಿ, ಕಣ್ಣು ಒಣಗುತ್ತವೆ. ಎಂಜಿನ್ ಸದ್ದಿಗೆ ದಣಿವು ಹೆಚ್ಚುತ್ತದೆ.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ನಿದ್ದೆಯದು. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ದೇಹ ನಿದ್ದೆಯನ್ನೇ ಬೇಡುತ್ತದೆ. ಆಗ ಗಮನ, ಲೆಕ್ಕಾಚಾರ, ತೀರ್ಮಾನ ಎಲ್ಲವೂ ನಿಧಾನವಾಗುತ್ತವೆ.

*ಮಂಗಳೂರಿನಲ್ಲಿ ಆದದ್ದು*

2010ರ ಮೇ 22ರ ಬೆಳಿಗ್ಗೆ 6ರ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, 8 ಮಂದಿ ಬದುಕಿದರು.

ಕಾಕ್‌ಪಿಟ್‌ನ 2 ಗಂಟೆ 5 ನಿಮಿಷದ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಪೈಲಟ್‌ಗಳ ನಡುವೆ ಮಾತೇ ಇರಲಿಲ್ಲ. ಕ್ಯಾಪ್ಟನ್ ಗೊರಕೆ ಹೊಡೆಯುವ ಸದ್ದು ಕೇಳಿಬಂತು. ಇಳಿಯುವ ವೇಳೆಗೆ ಅವರು ಎಚ್ಚರವಾಗಿದ್ದರು. ವಿಮಾನ ಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಲು ಮುಂದಾದರು. ಇಳಿಯುವುದನ್ನು ಕೈಬಿಡದಿದ್ದದ್ದೇ ಅಪಘಾತಕ್ಕೆ ನೇರ ಕಾರಣ, ದೀರ್ಘ ನಿದ್ದೆಯ ಮಂಪರು ಅದಕ್ಕೆ ಸೇರಿಕೊಂಡಿರಬಹುದು ಎಂದು ತನಿಖೆ ಹೇಳಿತು.

ವೈದ್ಯರು ಇದನ್ನು ‘ಸ್ಲೀಪ್ ಇನರ್ಷಿಯಾ’ ಎನ್ನುತ್ತಾರೆ. ಗಾಢ ನಿದ್ದೆಯಿಂದ ಎದ್ದಾಗ ಕಣ್ಣು ತೆರೆದಿರುತ್ತದೆ, ಮೆದುಳು ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ನಿದ್ದೆ ಬಹಳ ಬಾಕಿ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ.

*ನೀವು ಮಾಡಬೇಕಾದದ್ದು*

1. ರಾತ್ರಿ ಪಾಳಿ ಮುಗಿಸಿ ನೇರವಾಗಿ ದೂರದ ಪ್ರಯಾಣ ಬೇಡ. ಮೊದಲು ಮಲಗಿ, ಆಮೇಲೆ ಹೊರಡಿ.
2. ದಾರಿಯಲ್ಲಿ ಆಕಳಿಕೆ ಬಂದರೆ ಡಾಬಾ ಅಥವಾ ಪೆಟ್ರೋಲ್ ಬಂಕ್ ಬಳಿ ನಿಲ್ಲಿಸಿ, 15–20 ನಿಮಿಷ ಮಲಗಿ.
3. ಎದ್ದ ಮೇಲೆ ಮುಖ ತೊಳೆದು, ಸ್ವಲ್ಪ ನಡೆದಾಡಿ. ಅರ್ಧ ಗಂಟೆಯಾದರೂ ಬಿಟ್ಟು ಗಾಡಿ ತೆಗೆಯಿರಿ.
4. ಜೋರಾಗಿ ಹಾಡು ಹಾಕುವುದು, ಕಿಟಕಿ ಇಳಿಸುವುದು ನಿದ್ದೆಗೆ ಮದ್ದಲ್ಲ. ಕಾಫಿ ಕೆಲಸ ಮಾಡಲು ಸುಮಾರು 20–30 ನಿಮಿಷ ಬೇಕು.
5. ಪಕ್ಕದಲ್ಲಿ ಕೂತವರು ‘ನಿಲ್ಲಿಸಿ’ ಎಂದರೆ ವಾದ ಮಾಡದೆ ನಿಲ್ಲಿಸಿ. ಮಂಪರಿನಲ್ಲಿ ಇರುವವರಿಗೆ ತಮ್ಮ ಮಂಪರು ಗೊತ್ತಾಗುವುದಿಲ್ಲ.
6. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸಿ.

ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ಡಿಜಿಸಿಎ ನಿಯಮ 2025ರ ಜುಲೈನಲ್ಲಿ ಜಾರಿಗೆ ಬಂತು. ನಮ್ಮ ಕಾರಿಗೆ ಅಂಥ ನಿಯಮ ಹಾಕುವವರಿಲ್ಲ. ಮನೆಯವರೇ ಹಾಕಬೇಕು.

ಈ ವಾರ ಊರಿಗೆ ಹೊರಟಿರುವವರಿಗೆ ಇದನ್ನು ಕಳಿಸಿ.