ಸೋಲು ಬೌಲರ್‌ದಾ, ಟೀಮ್‌ದಾ?

ದಸರಾ ರಜೆಯಲ್ಲಿ ನಾವು ನಂಗಲಿಗೆ ಹೋಗಿದ್ವಿ. ಮುಳಬಾಗಿಲು ದಾಟಿ, ಆಂಧ್ರ ಗಡಿಗೆ ಸ್ವಲ್ಪ ಮುಂಚೆ ಸಿಗುವ ಊರು. ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆ ಅಲ್ಲಿದೆ. ಸಂಜೆ ಟೆನಿಸ್ ಬಾಲ್ ಮ್ಯಾಚ್ ಮುಗಿದ ಮೇಲೆ ಅವನು ಕೇಳಿದ: "ಬ್ರಾಂಚ್ ಟೀಮಿಂದ ನನ್ನ ಯಾಕ್ರೋ ತೆಗೆದ್ರಿ?"

ಉತ್ತರ ನಮ್ಮ ಎಕ್ಸೆಲ್ ಶೀಟಲ್ಲಿ ರೆಡಿ ಇತ್ತು. ಅವನು ಆಡಿದ 7 ಮ್ಯಾಚಲ್ಲಿ ನಾವು ಗೆದ್ದದ್ದು 2. ಅಂದ್ರೆ 28.6%. ಈ ಲೆಕ್ಕ ಸರಿನಾ? ನೋಡೋಣ.

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ತಂಡದ ಪ್ರತಿ ಗೆಲುವು, ಪ್ರತಿ ಸೋಲನ್ನೂ ಒಬ್ಬ ಪಿಚರ್ ಹೆಸರಿಗೆ ಬರೆಯುವ ಪದ್ಧತಿ ಇದೆ. ಗೆಲುವನ್ನು ಗೆಲುವು-ಸೋಲುಗಳ ಮೊತ್ತದಿಂದ ಭಾಗಿಸಿದರೆ ಅವನ ಪರ್ಸೆಂಟೇಜ್. ಅಮೆರಿಕದ ಮೊದಲ ವೃತ್ತಿಪರ ಲೀಗ್ ಶುರುವಾಗಿದ್ದು 1871ರಲ್ಲಿ. ಅದರಲ್ಲಿ ಬಾಸ್ಟನ್ ತಂಡದ ಆಲ್ಬರ್ಟ್ ಸ್ಪಾಲ್ಡಿಂಗ್ 1875ರಲ್ಲಿ 54 ಗೆದ್ದು 5 ಸೋತ. 91.5%! ಆದರೆ ಆ ವರ್ಷ ಬಾಸ್ಟನ್ ಒಟ್ಟು 71 ಗೆದ್ದು 8 ಸೋತಿತ್ತು. ಸ್ಪಾಲ್ಡಿಂಗ್ ಪಾಲು ಕಳೆಯಿರಿ: 17 ಗೆಲುವು, 3 ಸೋಲು, ಅಂದ್ರೆ 85%. ಬೇರೆಯವರು ಎಸೆದಾಗಲೂ ಆ ತಂಡ ಗೆಲ್ತಾನೇ ಇತ್ತು. ಆ 91.5ರಲ್ಲಿ ಬಹುಪಾಲು ತಂಡದ್ದೇ.

ಈಗ ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್. 58 ಟೆಸ್ಟ್, 242 ವಿಕೆಟ್. ಅದರಲ್ಲಿ ಭಾರತ ಗೆದ್ದದ್ದು 14, ಅಂದ್ರೆ 24%. ನಮ್ಮ ಶೀಟ್ ಪ್ರಕಾರ ಹೋಗಿದ್ರೆ, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಮಣಿಸಿದವರನ್ನೇ ಮನೆಗೆ ಕಳಿಸ್ತಿದ್ವಿ! ಗೆದ್ದ ಆ 14ರಲ್ಲಿ ಅವರ ವಿಕೆಟ್ 98, ಮ್ಯಾಚಿಗೆ 7. ಉಳಿದ 44ರಲ್ಲಿ 144, ಮ್ಯಾಚಿಗೆ 3.3. ಹಾಗಂತ ಇದನ್ನೂ ಕಣ್ಮುಚ್ಚಿ ನಂಬಬಾರದು. ಟೆಸ್ಟ್ ಗೆಲ್ಲಲು ಸಾಮಾನ್ಯವಾಗಿ ಎದುರಾಳಿಯ 20 ವಿಕೆಟ್ ಬೀಳಬೇಕು. ಹಾಗಾಗಿ ಗೆದ್ದ ಮ್ಯಾಚಲ್ಲಿ ಬೌಲರ್‌ಗಳ ಅಂಕಿಗಳು ಚೆನ್ನಾಗಿ ಕಾಣೋದು ಸಹಜ.

ಹಾಗಾದ್ರೆ ಮಾಡಬೇಕಾದ್ದೇನು? ಸ್ಪಾಲ್ಡಿಂಗ್‌ಗೆ ಮಾಡಿದ ಕಳೆಯುವ ಲೆಕ್ಕ. ನಂಗಲಿಯಲ್ಲೇ ಕೂತು ಫೋನಲ್ಲಿ ಶೀಟ್ ತೆಗೆದ್ವಿ. ಗೆಳೆಯ ಇಲ್ಲದ 5 ಮ್ಯಾಚಲ್ಲಿ ನಾವು ಗೆದ್ದದ್ದು 1. 20%. ಅವನಿದ್ದಾಗಲೇ ನಾವು ಸ್ವಲ್ಪ ವಾಸಿ! 12 ಮ್ಯಾಚಿನ ಡೇಟಾ ಇಟ್ಕೊಂಡು ಅವನೇ ಹೀರೋ ಅನ್ನೋಕೂ ಆಗಲ್ಲ, ನಿಜ. ಆದ್ರೆ ಅವನನ್ನ ತೆಗೆಯೋಕಂತೂ ಅದು ಕಾರಣವೇ ಅಲ್ಲ. ಬ್ಯಾಟಿಂಗಲ್ಲಿ 60 ರನ್ನಿಗೆ ಆಲ್‌ಔಟ್ ಆದವರು ನಾವು, ಸೋಲು ಬರೆದದ್ದು ಅವನ ಹೆಸರಿಗೆ.

ಸಾರಿ ಕೇಳಿದ್ವಿ. ಅವನು ನಕ್ಕು, "ಫಸ್ಟ್ ಓವರ್ ನಂದೇ" ಅಂದ. ಒಪ್ಕೊಂಡ್ವಿ.

ನಿಮ್ಮ ಟೀಮಿಂದಲೂ ಯಾರನ್ನಾದ್ರೂ ತೆಗೆಯೋ ಮುಂಚೆ ಒಂದ್ಸಲ ಕಳೆದು ನೋಡಿ.